ಬೋರ್‌ವೆಲ್ ನೀರಿನ ಫ್ಲೋರೈಡ್: ಮನೆಯವರಿಗೆ ಮೂರು ಕೊಡದ ಲೆಕ್ಕ, ದನಕರುಗಳಿಗೆ ಬೇರೆ ಲೆಕ್ಕ

ಪಾವಗಡ, ಬಾಗೇಪಲ್ಲಿ, ಮುಂಡರಗಿ, ಹುನಗುಂದದ ಕಡೆ ಬೋರ್ ಕೊರೆಸಿದವರನ್ನು ಎಲ್ಲರೂ ಮೊದಲು ಕೇಳುವುದು ಎಷ್ಟು ಇಂಚು ನೀರು ಬಿತ್ತು ಅಂತ. ಆಮೇಲೆ ಒಂದು ಲೋಟ ಹಿಡಿದು ರುಚಿ ನೋಡುತ್ತಾರೆ. ಸಿಹಿಯಾಗಿದ್ದರೆ ಸಮಾಧಾನ. ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆಯೋ ಇಲ್ಲವೋ ಎಂಬುದು ಈ ಎರಡರಿಂದಲೂ ತಿಳಿಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಸುರಿದರೂ, ಬ್ಲೀಚಿಂಗ್ ಪುಡಿ ಹಾಕಿದರೂ ಅಷ್ಟೇ.

ಇಷ್ಟು ಕೇಳಿದ ಮೇಲೆ ಬಹಳ ಜನ ಕೈಚೆಲ್ಲುತ್ತಾರೆ. ಮನೆಗೆ ದಿನಕ್ಕೆ ನಾನೂರು ಐನೂರು ಲೀಟರ್ ನೀರು ಬೇಕು, ಅಷ್ಟನ್ನೂ ಶುದ್ಧ ಮಾಡುವುದು ಯಾರಿಂದಾದೀತು ಎನ್ನುತ್ತಾರೆ. ಅಷ್ಟನ್ನೂ ಮಾಡಬೇಕಾಗಿಲ್ಲ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಬಳಸಿದರೆ ಅಡ್ಡಿಯಿಲ್ಲ, ಅದು ಚರ್ಮದ ಮೂಲಕ ಮೈಗೆ ಸೇರುವುದಿಲ್ಲ. ಹೊಟ್ಟೆಗೆ ಹೋಗುವ ನೀರು ಮಾತ್ರ ಲೆಕ್ಕಕ್ಕೆ ಬರುತ್ತದೆ. ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ಸೇರಿ ದಿನಕ್ಕೆ 40 ಲೀಟರ್, ಅಂದರೆ ಮೂರು ಕೊಡ. ಆ ಮೂರು ಕೊಡ ಸರಿಯಾದರೆ ಮುಕ್ಕಾಲು ಕೆಲಸ ಮುಗಿಯಿತು.

ಇದು ಎಲ್ಲಿಂದ ಬರುತ್ತದೆ

ಫ್ಲೋರಿನ್ ಒಂದು ಧಾತು, ಪರಮಾಣು ಸಂಖ್ಯೆ 9. ಧಾತುಗಳಲ್ಲೆಲ್ಲ ಅತಿ ಚುರುಕಿನದು. ಸಿಕ್ಕಿದ್ದರ ಜೊತೆ ಕೂಡಿಕೊಳ್ಳುತ್ತದೆ. ಅದನ್ನು ಬಿಡಿಯಾಗಿ ಹಿಡಿಯಲು ಹೋದ ಹಲವು ವಿಜ್ಞಾನಿಗಳು ಆರೋಗ್ಯ ಕಳೆದುಕೊಂಡರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಅದನ್ನು ಬೇರ್ಪಡಿಸಿದರು, 1906ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ನೀರಿನಲ್ಲಿರುವುದು ಆ ಅನಿಲ ಅಲ್ಲ, ಅದರ ಲವಣ ರೂಪವಾದ ಫ್ಲೋರೈಡ್. ಬಯಲುಸೀಮೆಯ ಗ್ರಾನೈಟ್ ಬಂಡೆಗಳಲ್ಲಿರುವ ಕರಿ ಅಭ್ರಕ, ಫ್ಲೋರೈಟ್‌ನಂಥ ಖನಿಜಗಳಲ್ಲಿ ಅದು ಅಡಗಿರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಕರಗುತ್ತದೆ. ತೆರೆದ ಬಾವಿಯ ನೀರು ಮಳೆಗೆ ತುಂಬಿ ಬೇಸಿಗೆಗೆ ಖಾಲಿಯಾಗುತ್ತಿತ್ತು, ಕಲ್ಲಿನ ಜೊತೆ ಅದರ ಸಹವಾಸ ಕಡಿಮೆ. ಸಾವಿರ ಅಡಿ ಆಳದ ಬೋರಿನಲ್ಲಿ ಸಿಗುವ ನೀರು ಬಹಳ ಕಾಲ ಕಲ್ಲಿನೊಳಗೇ ಇದ್ದ ನೀರು.

ಇಲ್ಲಿ ಒಂದು ತಿರುವು ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಸಲೀಸಾಗಿ ಕರಗುತ್ತದೆ. ಅಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಊರಲ್ಲಿ ಒಳ್ಳೆಯ ನೀರು ಎಂದು ಹೆಸರಾದ ಬೋರೇ ಪರೀಕ್ಷೆಯಲ್ಲಿ ಕೆಟ್ಟದ್ದಾಗಿ ಬರುವುದಕ್ಕೆ ಇದು ಕಾರಣ. ಆದ್ದರಿಂದ ಫಿಲ್ಟರ್ ಮಾರಲು ಬರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ಅಂಕಿ ತೋರಿಸಿದರೆ ನಂಬಬೇಡಿ. ಅದು ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟು ಎಂದು ಹೇಳಲಾರದು.

ಮೊದಲ ಕೆಲಸ: ಹಲ್ಲು ನೋಡುವುದು

ಪರೀಕ್ಷೆಗೆ ಕೊಡುವ ಮೊದಲೇ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇದು. ಎಂಟು ಹತ್ತು ವರ್ಷದ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ ಬಾಯಿ ತೆರೆಸಿ. ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಅಡ್ಡ ಗೆರೆ, ಹಳದಿ ಅಥವಾ ಕಂದು ಪಟ್ಟೆ ಇದೆಯೇ ನೋಡಿ. ಫ್ಲೋರೈಡಿನ ಕಲೆಗೆ ಒಂದು ಗುರುತಿದೆ: ಎಡ ಬಲದ ಜೋಡಿ ಹಲ್ಲುಗಳೆರಡರಲ್ಲೂ ಸರಿಸುಮಾರು ಒಂದೇ ಕಡೆ ಇರುತ್ತದೆ, ಅಡ್ಡಡ್ಡವಾಗಿ ಇರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಒಸಡಿನ ಅಂಚಿಗೆ ಅಂಟಿಕೊಂಡ ಗಾರೆ, ಎಲೆಅಡಿಕೆಯ ಕಲೆ ಬೇರೆ. ಅವು ಹಲ್ಲಿನ ಮೇಲೆ ಕೂತಿರುತ್ತವೆ, ಇದು ಹಲ್ಲಿನ ಎನಾಮಲ್ ಒಳಗೇ ಇರುತ್ತದೆ.

ಕಾಯಂ ಹಲ್ಲು ಹುಟ್ಟುವುದು ಆರು ಏಳು ವರ್ಷಕ್ಕಾದರೂ ದವಡೆಯೊಳಗೆ ಅದು ರೂಪುಗೊಳ್ಳುವುದು ಮಗು ಕೂಸಾಗಿದ್ದಾಗಿನಿಂದಲೇ. ಇವತ್ತು ಕಾಣುವ ಪಟ್ಟೆ ಮಗು ಅಂಬೆಗಾಲಿಡುತ್ತಿದ್ದಾಗ, ಅಂಗನವಾಡಿಗೆ ಹೋಗುತ್ತಿದ್ದಾಗ ಕುಡಿದ ನೀರಿನ ದಾಖಲೆ. ಹಾಗಾಗಿ ಹಲ್ಲು ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಈಗಿನ ಬೋರು ಒಳ್ಳೆಯದು ಎನ್ನಲಾಗದು. ದೊಡ್ಡವರಾದ ಮೇಲೆ ಈ ಊರಿಗೆ ಬಂದ ಸೊಸೆಯ ಹಲ್ಲು ಚೆನ್ನಾಗಿಯೇ ಇರುತ್ತದೆ. ಅವಳ ಮೂಳೆಯಲ್ಲಿ ಅದು ಸೇರುತ್ತಿರಬಹುದು.

ಮಕ್ಕಳಾದ ಮೇಲೆ ಕೊಟ್ಟಿಗೆಗೆ ಹೋಗಿ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ತುಟಿ ಬಿಡಿಸಿ ನೋಡುವುದು ವಯಸ್ಸು ತಿಳಿಯಲು. ಅದೇ ಎಂಟು ಕೆಳಹಲ್ಲುಗಳಲ್ಲಿ ಕಂದು ಪಟ್ಟೆ, ಕಚ್ಚು, ವಯಸ್ಸಿಗೆ ಮೀರಿದ ಸವೆತ ಇದೆಯೇ ಎಂದೂ ನೋಡಿ. ಮನೆಯಲ್ಲೇ ಹುಟ್ಟಿ ಬೆಳೆದ ಹಸುವಾದರೆ ಅದರ ಹಲ್ಲು ನಿಮ್ಮ ಬೋರಿನ ಬಗ್ಗೆ ಹೇಳುತ್ತದೆ. ಸಂತೆಯಲ್ಲಿ ತಂದದ್ದಾದರೆ ಅದು ಹಳೆಯ ಮನೆಯ ನೀರಿನ ಕಥೆ. ಭಾರತದಲ್ಲಿ ಫ್ಲೋರೈಡಿನ ಈ ಕಾಯಿಲೆ (ಫ್ಲೋರೋಸಿಸ್) ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿ ಎತ್ತುಗಳು ನೊಗ ಎಳೆಯಲಾರದೆ ಕುಂಟುವುದನ್ನು ರೈತರು ಮೊದಲೇ ಗಮನಿಸಿದ್ದರು ಎಂಬ ಮಾತಿದೆ.

ಎರಡನೆಯದು: ನೀರನ್ನು ಪರೀಕ್ಷೆಗೆ ಕೊಡುವುದು

ಜಲಜೀವನ್ ಮಿಷನ್ ಬಂದ ಮೇಲೆ (ನಮ್ಮಲ್ಲಿ ಮನೆ ಮನೆಗೆ ಗಂಗೆ) ಸ್ಥಳದಲ್ಲೇ ಪರೀಕ್ಷಿಸುವ ಕಿಟ್‌ಗಳನ್ನು ಪಂಚಾಯಿತಿಗಳಿಗೆ ಕೊಡಲಾಗಿದೆ, ಊರಿನ ಹೆಂಗಸರಿಗೆ ತರಬೇತಿಯನ್ನೂ ಕೊಡಲಾಗಿದೆ. ಪಿಡಿಓ ಅವರನ್ನೋ ನೀರುಗಂಟಿಯನ್ನೋ ಕೇಳಿ. ಸಾಮಾನ್ಯವಾಗಿ ಬಳಸುವ ಕಿಟ್‌ನಲ್ಲಿ ನೀರಿಗೆ ಕೆಂಪು ದ್ರಾವಣದ ಹನಿ ಹಾಕುತ್ತಾರೆ. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಗುಲಾಬಿಯಿಂದ ಹಳದಿಯ ಕಡೆಗೆ ವಾಲುತ್ತದೆ, ಅದನ್ನು ಬಣ್ಣದ ಚೀಟಿಗೆ ಹೋಲಿಸಿ ಓದುತ್ತಾರೆ. ಹಗಲು ಬೆಳಕಿನಲ್ಲಿ ಓದಿಸಿ, ಬಲ್ಬಿನ ಬೆಳಕು ಮೋಸ ಮಾಡುತ್ತದೆ. ಕ್ಲೋರಿನ್ ಹಾಕಿದ ಟ್ಯಾಂಕಿನ ನೀರಾದರೆ ಬಣ್ಣ ಏರುಪೇರಾಗಬಹುದು, ಆದ್ದರಿಂದ ಬೋರಿನ ಬಾಯಿಯಿಂದಲೇ ಹಿಡಿಯಿರಿ.

ಕಿಟ್ ಹೇಳುವುದು ಅಂದಾಜು. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಹೆಚ್ಚು ಬಂದರೆ, ಅಥವಾ ಬಣ್ಣದ ಬಗ್ಗೆ ಅನುಮಾನವಿದ್ದರೆ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ನೀರು ಹಿಡಿಯುವ ಕ್ರಮ ಮುಖ್ಯ. ಮೋಟರ್ ಹಾಕಿ ಹತ್ತು ನಿಮಿಷ ನೀರು ಹೋಗಲು ಬಿಡಿ, ಪೈಪಿನಲ್ಲಿ ನಿಂತಿದ್ದ ಹಳೆ ನೀರು ಹೊರಟುಹೋಗಲಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಫ್ಲೋರೈಡಿಗೆ ಗಾಜಿನದು ಬೇಡ. ಅದೇ ನೀರಿನಿಂದ ಮೂರು ಸಲ ತೊಳೆದು, ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿಯಿರಿ. ಯಾವ ಬೋರು, ಎಷ್ಟು ಅಡಿ, ಯಾವ ತಾರೀಖು ಎಂದು ಚೀಟಿ ಅಂಟಿಸಿ. ಫ್ಲೋರೈಡ್ ಒಂದನ್ನೇ ಕೇಳಬೇಡಿ. ನೈಟ್ರೇಟ್, ಗಡಸುತನ, ಕ್ಯಾಲ್ಸಿಯಂ, ಕ್ಷಾರತೆ, ಪಿಎಚ್ ಕೂಡ ನೋಡಲು ಹೇಳಿ. ಮುಂದೆ ಯಾವ ಫಿಲ್ಟರ್ ನಿಮ್ಮ ನೀರಿಗೆ ಸರಿ ಎಂದು ತೀರ್ಮಾನಿಸಲು ಅವೆಲ್ಲ ಬೇಕಾಗುತ್ತವೆ.

ವರದಿ ಕೈಗೆ ಬಂದ ಮೇಲೆ

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಇದ್ದಾಗ 1.5ರವರೆಗೆ ಸೈರಿಸಬಹುದು. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗೆ ತೊಂದರೆ ಕಾಣಿಸಿಕೊಳ್ಳಬಹುದು, 10 ದಾಟಿದರೆ ಅಂಗವಿಕಲತೆಯ ಭಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈ ಅಂಕಿಗಳನ್ನು ಹಾಗೇ ನುಂಗಬೇಡಿ. ಮೈಗೆ ಲೆಕ್ಕ ಲೀಟರಿನದಲ್ಲ, ದಿನಕ್ಕೆ ಒಟ್ಟು ಎಷ್ಟು ಒಳಗೆ ಹೋಯಿತು ಎಂಬುದರದು. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತವರು ಎರಡು ಲೀಟರ್ ಕುಡಿದರೆ, ಏಪ್ರಿಲ್ ಬಿಸಿಲಿನಲ್ಲಿ ಶೇಂಗಾ ಹೊಲದಲ್ಲಿ ಅಥವಾ ಕಲ್ಲುಕ್ವಾರಿಯಲ್ಲಿ ದುಡಿಯುವವರು ಆರು ಲೀಟರ್ ಕುಡಿಯುತ್ತಾರೆ. ನೀರಿನಲ್ಲಿ 2 ಮಿಲಿಗ್ರಾಂ ಇದ್ದರೆ ಮೊದಲನೆಯವರಿಗೆ 4, ಎರಡನೆಯವರಿಗೆ 12. ಕೂಲಿಯವರು ಹೊಲಕ್ಕೆ ಒಯ್ಯುವ ಕ್ಯಾನಿನ ನೀರು ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಮೊದಲು ಅದನ್ನೇ. ಮೂತ್ರಪಿಂಡದ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಒಳಗೆ ಹೋದ ಫ್ಲೋರೈಡ್ ಹೊರಬೀಳುವುದು ಮುಖ್ಯವಾಗಿ ಮೂತ್ರದಲ್ಲಿ, ಉಳಿದದ್ದು ಮೂಳೆ ಹಲ್ಲುಗಳಲ್ಲಿ ಕೂರುತ್ತದೆ. ಬೆಳೆಯುವ ಮಕ್ಕಳಲ್ಲಿ ಉಳಿಯುವ ಪಾಲು ಹೆಚ್ಚು.

ಇದೇ ಫ್ಲೋರೈಡನ್ನು ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಿನಲ್ಲಿ 1945ರಿಂದ ನಲ್ಲಿ ನೀರಿಗೆ ಬೆರೆಸುತ್ತಿದ್ದಾರೆ, ಹುಳುಕು ಹಲ್ಲು ತಡೆಯಲು. ಅಲ್ಪ ಪ್ರಮಾಣದಲ್ಲಿ ಅದು ಎನಾಮಲ್ಲನ್ನು ಗಟ್ಟಿ ಮಾಡುವುದು ನಿಜ. ಅಲ್ಲಿನ ನೀರಿನಲ್ಲಿ ಇಲ್ಲದ್ದು ಇಲ್ಲಿ ಹೆಚ್ಚಾಗಿದೆ, ಅಷ್ಟೇ ವ್ಯತ್ಯಾಸ.

ಮೂರು ಕೊಡ ಎಲ್ಲಿಂದ ತರುವುದು

ನನ್ನ ಮೊದಲ ಆಯ್ಕೆ ಮಳೆ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಬರದ ಸೀಮೆಯಲ್ಲಿ ಮಳೆ ಎಲ್ಲಿದೆ ಎಂದು ನಗುವವರಿಗೆ ಲೆಕ್ಕ ಹೇಳುತ್ತೇನೆ. ದಿನಕ್ಕೆ 40 ಲೀಟರ್ ಅಂದರೆ ವರ್ಷಕ್ಕೆ 14,600 ಲೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಮಳೆ ಬಿತ್ತು ಎನ್ನೋಣ, ಅದರಲ್ಲೂ ಐದರಲ್ಲೊಂದು ಪಾಲು ಹಾಳಾಯಿತು ಎನ್ನೋಣ. ಆಗಲೂ 20 ಅಡಿ ಉದ್ದ, 20 ಅಡಿ ಅಗಲದ ಮಾಳಿಗೆ ಸಾಕು. ಅಷ್ಟು ಚಿಕ್ಕ ಆರ್‌ಸಿಸಿ ಮನೆ ಈಗ ಊರಿನ ಯಾವ ಬೀದಿಯಲ್ಲೂ ಇದೆ. ಕೊರತೆ ಇರುವುದು ಮಳೆಯದ್ದಲ್ಲ, ತೊಟ್ಟಿಯದ್ದು. ಡಿಸೆಂಬರಿನಿಂದ ಮೇ ಕೊನೆಯವರೆಗೆ ಹನಿ ಬೀಳಲಿಲ್ಲ ಎಂದರೂ ತಡೆಯಬೇಕಾದರೆ 7,300 ಲೀಟರ್ ಕೂಡಿಟ್ಟಿರಬೇಕು. 8,000 ಲೀಟರಿನ ನೆಲತೊಟ್ಟಿ ಕಟ್ಟಿಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಅದು ತುಂಬಿರುವಂತೆ ನೋಡಿಕೊಳ್ಳಿ.

ಕಟ್ಟಿಸುವಾಗ ಮೂರು ವಿಷಯ ಬಿಡಬೇಡಿ. ಮಾಳಿಗೆಯ ಪೈಪಿಗೆ ಮೊದಲ ಮಳೆಯನ್ನು ಹೊರಗೆ ಬಿಡುವ ಗೇಟು ಇರಲಿ. ಬಹಳ ದಿನದ ಮೇಲೆ ಬಿದ್ದ ಮಳೆಯ ಮೊದಲ ಎರಡು ಮಿಲಿಮೀಟರ್, ಈ ಅಳತೆಯ ಮಾಳಿಗೆಗೆ ಸುಮಾರು ಐದು ಕೊಡ, ಧೂಳು ಮತ್ತು ಹಕ್ಕಿ ಹಿಕ್ಕೆಯನ್ನು ಹೊತ್ತು ತರುತ್ತದೆ. ಆಮೇಲಿನ ನೀರು ಜಲ್ಲಿ, ಮರಳು, ಇದ್ದಿಲಿನ ಶೋಧಕದ ಮೂಲಕ ತೊಟ್ಟಿಗೆ ಇಳಿಯಲಿ. ತೊಟ್ಟಿಯೊಳಗೆ ಬೆಳಕು ಹೋಗಬಾರದು, ಸೊಳ್ಳೆಯೂ ಹೋಗಬಾರದು. ತುಂಬಿ ಹೊರಹೋಗುವ ಪೈಪಿನ ಬಾಯಿಗೆ ಜಾಲರಿ ಕಟ್ಟುವುದನ್ನು ಮೇಸ್ತ್ರಿಗಳು ಮರೆಯುತ್ತಾರೆ. ಫ್ಲೋರೈಡ್ ಇಲ್ಲವೆಂದ ಮಾತ್ರಕ್ಕೆ ರೋಗಾಣು ಇಲ್ಲ ಎಂದಲ್ಲ, ಕುಡಿಯುವ ಪಾಲನ್ನು ಕುದಿಸಿ ಆರಿಸಿ.

ತೊಟ್ಟಿ ಚಿಕ್ಕದಾಯಿತೇ? ಬೆರೆಸಿ ಬಳಸಿ. ಬೋರಿನ ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ ಒಂದು ಕೊಡ ಬೋರಿನದು, ಎರಡು ಕೊಡ ಮಳೆಯದು ಸೇರಿಸಿದಾಗ 1ಕ್ಕೆ ಇಳಿಯುತ್ತದೆ. 2 ಇದ್ದರೆ ಸಮಸಮ ಸಾಕು. ವರದಿಯಿಲ್ಲದೆ ಈ ಲೆಕ್ಕ ಹಾಕಲಾಗುವುದಿಲ್ಲ.

ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕ ಇರುವ ಊರಿನವರಿಗೆ ದಿನಕ್ಕೆ 20 ಲೀಟರಿನ ಎರಡು ಕ್ಯಾನ್ ಆಯಿತು. ಅಲ್ಲಿನ ಆರ್‌ಓ ಯಂತ್ರ ನೀರನ್ನು ಪೊರೆಯ ಮೂಲಕ ಒತ್ತಿ ಸೋಸಿ ಫ್ಲೋರೈಡನ್ನು ಚೆನ್ನಾಗಿಯೇ ತೆಗೆಯುತ್ತದೆ, ಆ ಪೊರೆ ಸರಿಯಿರುವವರೆಗೆ. ಪೊರೆ ಹಳತಾದರೂ ನಾಣ್ಯ ಹಾಕಿದರೆ ನೀರು ಬರುತ್ತಲೇ ಇರುತ್ತದೆ. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನೂ ಕಿಟ್‌ನಲ್ಲಿ ನೋಡಿಸಿ. ಇನ್ನು, ಬಹುಪಾಲು ಮನೆಗಳಲ್ಲಿ ಕ್ಯಾನಿನ ನೀರು ಕುಡಿಯಲು ಮಾತ್ರ. ಅನ್ನ, ಸಾರು, ಮುದ್ದೆ, ಟೀ ಎಲ್ಲವೂ ಬೋರಿನ ನೀರಿನಲ್ಲೇ. ಅನ್ನ ಬೆಂದಾಗ ನೀರು ಇಂಗುತ್ತದೆ, ಅದರಲ್ಲಿದ್ದ ಫ್ಲೋರೈಡ್ ತಟ್ಟೆಗೆ ಬರುತ್ತದೆ. ಎರಡನೇ ಕ್ಯಾನ್ ತರುವುದು ಅಡುಗೆಮನೆಗೆ.

ಮನೆಯಲ್ಲೇ ಆರ್‌ಓ ಇಟ್ಟವರು ಅದರ ತ್ಯಾಜ್ಯ ನೀರನ್ನು ದನದ ಬಾನಿಗೆ ಸುರಿಯಬಾರದು. ಪೊರೆ ತಡೆದ ಫ್ಲೋರೈಡೆಲ್ಲ ಅದರಲ್ಲಿರುತ್ತದೆ. ನೆಲ ಒರೆಸಲು, ಕಕ್ಕಸಿಗೆ ಬಳಸಿ.

ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನ ಎಂಬುದೊಂದಿದೆ: ಪಟಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಗಷ್ಟು ಕೂತ ಮೇಲೆ ತಿಳಿನೀರು ಬಸಿಯುವುದು. ವಿಧಾನ ಒಳ್ಳೆಯದೇ. ಆದರೆ ಪಟಕದ ಪ್ರಮಾಣ ನೀರಿನ ಫ್ಲೋರೈಡ್ ಮತ್ತು ಕ್ಷಾರತೆಗೆ ತಕ್ಕಂತೆ ಬದಲಾಗುತ್ತದೆ, ಕಣ್ಣಳತೆಯಲ್ಲಿ ಹಾಕಿದರೆ ಅಲ್ಯೂಮಿನಿಯಂ ನೀರಿನಲ್ಲೇ ಉಳಿಯಬಹುದು. ಗೊತ್ತಿರುವವರು ಪ್ರಮಾಣ ಬರೆದುಕೊಟ್ಟರೆ ಮಾಡಿ. ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಪುಡಿಯ ಫಿಲ್ಟರೂ ಕೆಲಸ ಮಾಡುತ್ತದೆ, ಆಗಾಗ ಅದರ ಪುಡಿಯನ್ನು ಶುದ್ಧಗೊಳಿಸುವವರು ಊರಲ್ಲಿದ್ದರೆ.

ಕೂಸು, ಊಟ, ಟೀ

ತಾಯಿ ಬೋರಿನ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ಬಲು ಕಡಿಮೆ. ಹಸುವಿನ ಹಾಲೂ ಹಾಗೇ. ಆಪತ್ತು ಬರುವುದು ಹಾಲಿಗೆ ಬೆರೆಸುವ ನೀರಿನಿಂದ, ಪುಡಿಹಾಲು ಕಲಸುವ ನೀರಿನಿಂದ, ರಾಗಿ ಸರಿ ಕಾಯಿಸುವ ನೀರಿನಿಂದ. ಮನೆಯಲ್ಲಿ ಒಂದೇ ಕೊಡ ಒಳ್ಳೆಯ ನೀರಿದ್ದರೆ ಅದರ ಮೊದಲ ಹಕ್ಕು ಕೂಸಿನದು, ಎರಡನೆಯದು ಬಸುರಿಯದು. ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಯಾವ ನೀರಿನಲ್ಲಿ ಬೇಯಿಸುತ್ತಾರೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಆರು ವರ್ಷದೊಳಗಿನ ಮಕ್ಕಳಿಗೆ ಇಂಥ ಊರುಗಳಲ್ಲಿ ಫ್ಲೋರೈಡ್ ಇಲ್ಲದ ಪೇಸ್ಟ್ ಕೊಡಿ, ಅವರು ಪೇಸ್ಟನ್ನು ಪೂರ್ತಿ ಉಗುಳದೆ ಒಂದಷ್ಟು ನುಂಗಿಬಿಡುತ್ತಾರೆ.

ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡಿನ ಒಂದಷ್ಟು ಪಾಲನ್ನು ಹಿಡಿದು ಹೊರಹಾಕುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಮುದ್ದೆ, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ಇವು ನಮ್ಮ ಕಡೆ ಸಿಗುವಂಥವೇ. ಹುಣಸೆಹಣ್ಣು ತಿಂದ ಶಾಲಾಮಕ್ಕಳ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋದದ್ದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಕಂಡಿದ್ದಾರೆ. ಹಾಗೆಂದು ಹುಳಿಸಾರು ಔಷಧವಲ್ಲ. ಬೋರಿನ ನೀರಿನಲ್ಲೇ ಅದನ್ನು ಕಾಯಿಸಿದರೆ ಏನು ಬಂತು? ಕಡಿಮೆ ಮಾಡಬೇಕಾದದ್ದು ಹಾಲಿಲ್ಲದ ಕಡುಟೀ ಮತ್ತು ಕಪ್ಪು ಉಪ್ಪು. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಗಳಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಹೆಚ್ಚು.

ದನಗಳಿಗೆ

ಒಂದು ಹಸುವಿಗೆ ದಿನಕ್ಕೆ 50 ಲೀಟರ್ ನೀರು, ಬೇಸಿಗೆಯಲ್ಲಿ ಕರೆಯುವ ಹಸುವಾದರೆ ಇನ್ನೂ ಹೆಚ್ಚು. ಮೂರು ಕೊಡದ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ. ದನ ಕುಂಟುವುದು, ಕಾಲಿನ ಮೂಳೆಯಲ್ಲಿ ಗಂಟು, ಗೊರಸು ಉದ್ದ ಬೆಳೆಯುವುದು, ಹಲ್ಲು ಸವೆದು ಮೇವು ನುರಿಸಲಾಗದೆ ಬಡವಾಗುವುದು, ಹಾಲು ಇಳಿಯುವುದು ಇವೆಲ್ಲ ಲಕ್ಷಣಗಳು. ಗೋಕಟ್ಟೆ, ಕೆರೆ, ಕೃಷಿ ಹೊಂಡದಲ್ಲಿ ಮಳೆ ನೀರು ಇರುವಷ್ಟು ತಿಂಗಳು ಅಲ್ಲಿಯೇ ಕುಡಿಸಿ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಜಾರಿದ ದನ, ಮಕ್ಕಳು ಮೇಲೆ ಬರಲಾರರು. ಸುತ್ತ ಬೇಲಿ ಹಾಕಿ, ನೀರನ್ನು ಬಾನಿಗೆ ಎತ್ತಿ ಕೊಡಿ. ಎಲ್ಲ ದನಕ್ಕೂ ಸಾಲದಿದ್ದರೆ ಹಲ್ಲು ಮೂಡುತ್ತಿರುವ ಕರು, ಪಡ್ಡೆಗಳಿಗೆ ಮೊದಲು. ಖನಿಜ ಮಿಶ್ರಣ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ರಂಜಕ ಬೇಕೆಂದು ಗೊಬ್ಬರದ ಸೂಪರ್ ಫಾಸ್ಫೇಟನ್ನು ಮೇವಿಗೆ ಬೆರೆಸುವವರಿದ್ದಾರೆ. ಆ ಗೊಬ್ಬರ ತಯಾರಾಗುವ ಕಲ್ಲಿನಲ್ಲೇ ಫ್ಲೋರೈಡ್ ಇದೆ, ಖಂಡಿತ ಕೊಡಬೇಡಿ.

ಮೈ ಬಿಗಿದಿದ್ದರೆ

ನಿಂತು ಬಗ್ಗಿ ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ? ಗಲ್ಲವನ್ನು ಎದೆಗೆ ತಾಗಿಸಲು? ಎರಡೂ ಕೈಯನ್ನು ತಲೆಯ ಹಿಂದೆ ಒಯ್ಯಲು? ಆಶಾ ಕಾರ್ಯಕರ್ತೆಯರು ಮಾಡಿಸುವ ಈ ಮೂರರಲ್ಲಿ ಯಾವುದು ಆಗದಿದ್ದರೂ, ಮಕ್ಕಳ ಮೊಣಕಾಲು ಒಂದಕ್ಕೊಂದು ತಾಗುವಂತೆ ಬಾಗಿದ್ದರೂ, ಜಿಲ್ಲಾಸ್ಪತ್ರೆಗೆ ಹೋಗಿ. ನೀರಿನ ವರದಿಯನ್ನು ಜೊತೆಗೆ ಒಯ್ಯಿರಿ. ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಮುಂಗೈ ಎಕ್ಸ್‌ರೇಯಿಂದ ಖಚಿತಪಡಿಸುತ್ತಾರೆ. ಸಂಧಿವಾತ, ಡಿಸ್ಕ್ ತೊಂದರೆ, ವಯಸ್ಸಿನ ನೋವು ಕೂಡ ಹೀಗೇ ಕಾಣುವುದರಿಂದ ನೀವೇ ತೀರ್ಮಾನಿಸಬೇಡಿ. ಗಟ್ಟಿಯಾದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಶುರುವಿನಲ್ಲೇ ನೀರು ಬದಲಿಸಿದವರಲ್ಲಿ ಹೊಟ್ಟೆಯ ತೊಂದರೆ, ನೋವು ಇಳಿಯುವುದುಂಟು. ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ನೋವಿನ ಮಾತ್ರೆ ತಂದು ನುಂಗುವುದು ಮೂತ್ರಪಿಂಡಕ್ಕೆ ಕೇಡು. ಅದು ಕೆಟ್ಟರೆ ಫ್ಲೋರೈಡ್ ಹೊರಹೋಗುವ ದಾರಿಯೂ ಕಟ್ಟಿಹೋಗುತ್ತದೆ.

ಮತ್ತೆ ಯಾವಾಗ ಪರೀಕ್ಷೆ

ವರ್ಷಕ್ಕೆರಡು ಸಲ: ಮೇ ತಿಂಗಳಲ್ಲಿ ನೀರು ತಳ ಸೇರಿದಾಗ ಒಮ್ಮೆ, ನವೆಂಬರಿನಲ್ಲಿ ಒಮ್ಮೆ. ಬೋರನ್ನು ಇನ್ನೂ ಆಳಕ್ಕೆ ಕೊರೆಸಿದರೆ, ಪಂಪನ್ನು ಕೆಳಗಿಳಿಸಿದರೆ, ಹಳೆಯ ವರದಿ ರದ್ದಿಗೆ ಸಮ. ನದಿ ನೀರಿನ ಬಹುಗ್ರಾಮ ಯೋಜನೆ ಬಂದ ಊರಿನವರು ಪರೀಕ್ಷೆ ನಿಲ್ಲಿಸಿಬಿಡುತ್ತಾರೆ. ಕರೆಂಟು ಹೋಗಿಯೋ ಪೈಪು ಒಡೆದೋ ನದಿ ನೀರು ಬಾರದ ದಿನ ಓವರ್‌ಹೆಡ್ ಟ್ಯಾಂಕಿಗೆ ಬಿಡುವುದು ಅದೇ ಹಳೆಯ ಬೋರಿನ ನೀರನ್ನು. ಇವತ್ತು ಬಿಟ್ಟದ್ದು ಯಾವ ನೀರು ಎಂದು ನೀರುಗಂಟಿಯನ್ನು ಕೇಳಿದರೆ ಹೇಳುತ್ತಾನೆ.